ನಾಯಿ, ಬೆಕ್ಕು ಏನಾದರೂ ಇದೆಯಾ?

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಬೇಕರಿಯ ಗೋಡೌನ್. ಮಧ್ಯಾಹ್ನ ಹಾಸ್ಟೆಲ್ಲಿನ ಅಡುಗೆಮನೆ. ಇಲಿ ಬರುತ್ತಿರುವುದು ಒಲೆಯ ಹಿಂದಿನ ಪೈಪಿನ ಸಂದಿಯಿಂದ. ಅಡುಗೆಯವರು ಕಿಟಕಿಯಿಂದ ಎಂದರು. ವಾದಕ್ಕೆ ಹೋಗಲಿಲ್ಲ. ಸಂದಿಗೆ ಸಿಮೆಂಟು ಮೆತ್ತಿ, ಎರಡು ಬೋನು ಇಟ್ಟು ಬಂದೆ. ಮನೆಗೆ ಬಂದವನೇ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ದಿನವೂ ಹೀಗೇ. ವಾಸನೆ ಹೋಯಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ, ಮೂಗು ಕೆಲಸಕ್ಕೆ ಒಗ್ಗಿಹೋಗಿದೆ.

ಸಂಜೆ ಮಗಳ ಅಹವಾಲು ಮತ್ತೆ ಶುರು. ಎಲ್ಲರೂ ಕಡ್ಡಿ ಎನ್ನುತ್ತಾರೆ, ಹಠ ಮಾತ್ರ ಒನಕೆ ಗಾತ್ರದ್ದು. ಅವಳ ಕ್ಲಾಸಿನ ಗೆಳತಿಯ ಮನೆಯಲ್ಲಿ ಹ್ಯಾಮ್‌ಸ್ಟರ್ ಮರಿ ಹಾಕಿದೆ. ಗೆಳತಿಯ ತಾಯಿ ಹಲ್ಲಿನ ಡಾಕ್ಟರು. ಕಡ್ಡಿಗೆ ಒಂದು ಮರಿ ಕೊಡುತ್ತಾರಂತೆ. ಆದರೆ ಮೊದಲು ಮನೆಗೆ ಬಂದು ನೋಡುತ್ತಾರಂತೆ… ಇಡುವ ಜಾಗ, ಪಂಜರ, ಸಾಕುವ ಜನ.

"ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ" ಎಂದಳು ಇವಳು, ನನ್ನ ಹೆಂಡತಿ. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದಿರುತ್ತಾಳೆ, ಸಂಜೆ ನಾಲಿಗೆ ಚುರುಕಾಗಿರುತ್ತದೆ. "ಊರಿನ ಇಲಿ ಎಲ್ಲ ಹೊಡೆದು ಬಂದು ಮನೇಲಿ ಒಂದಕ್ಕೆ ತೊಟ್ಟಿಲು ಕಟ್ತಾರಾ ನಿಮ್ಮಪ್ಪ?"

"ಇಲಿ ಅಲ್ಲಮ್ಮ, ಹ್ಯಾಮ್‌ಸ್ಟರ್. ಬಾಲಾನೇ ಇರಲ್ಲ."

"ಬಾಲ ನಿಮ್ಮಪ್ಪನಿಗೂ ಇಲ್ಲ. ಅದಕ್ಕೇ ಅಂತ ಹಾಲು ಹಣ್ಣು ಕೊಟ್ಟು ಪೆಟ್ಟಿಗೇಲಿ ಇಡೋಕಾಗುತ್ತಾ?"

ನಾನು ಹೂಂ ಎಂದುಬಿಟ್ಟೆ. ಕಡ್ಡಿ ಮೊದಲು ನನ್ನ ಕೈ ಮೂಸಿ ನೋಡಿದಳು, ಆಮೇಲೆ ಕೊರಳಿಗೆ ಜೋತುಬಿದ್ದಳು. ತಮಾಷೆಗೆ ಮೂಸಿದ್ದು. ತಮಾಷೆಗೇ ಇರಬೇಕು.

ಮಾರ್ಚ್ 4, ಮಂಗಳವಾರ

ಹೊದಿಕೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಖಾಲಿ ಮಾಡಿದೆ. ಹೊದಿಕೆಗಳು ಮಂಚದ ಮೇಲೆ ಗುಡ್ಡೆ ಬಿದ್ದಿವೆ. ಇವಳು ನೋಡಿದಳು, ಏನೂ ಅನ್ನಲಿಲ್ಲ. ಅದೇ ಭಯ.

ಮುಚ್ಚಳದ ನಡುವೆ ಕತ್ತರಿಸಿ ಜಾಲರಿ ಕೂರಿಸಬೇಕು. ಕಡ್ಡಿ ಪಕ್ಕದಲ್ಲಿ ಕೂತು ಮೊಬೈಲ್ ನೋಡಿ ಓದುತ್ತಾ ಹೋದಳು.

"ಪೆನ್ಸಿಲ್ ತೂರೋ ಸಂದಿ ಇದ್ರೂ ಸಾಕಂತೆ, ಮರಿ ಆಚೆ ಹೋಗುತ್ತಂತೆ."

"ಗೊತ್ತು."

"ಪ್ಲಾಸ್ಟಿಕ್ ಅಂಚು ಕಡಿಯುತ್ತಂತೆ."

"ಗೊತ್ತು."

"ಬಯಲಲ್ಲಿ ನಿಲ್ಲಲ್ವಂತೆ. ಗೋಡೆ ಬದೀಲೇ ಓಡಾಡುತ್ತಂತೆ. ಕತ್ತಲೆ ಬಿಲ ಥರದ್ದು ಕಂಡ್ರೆ ನುಗ್ಗುತ್ತಂತೆ."

"ಗೊತ್ತು ಕಣೇ."

"ನಿಂಗೆ ಎಲ್ಲ ಹೇಗೆ…" ಎಂದವಳು ಅಲ್ಲಿಗೇ ನಿಲ್ಲಿಸಿದಳು. ಹೇಗೆಂದು ಇಬ್ಬರಿಗೂ ಗೊತ್ತು.

ಬಿಲದಂಥದ್ದು ಕಂಡರೆ ನುಗ್ಗುತ್ತದೆ ಎಂದು ತಾನೇ ಬೋನನ್ನು ಗೋಡೆಗೆ ಒತ್ತಿ ಇಡುವುದು. ಇವತ್ತು ಅದೇ ಲೆಕ್ಕದಲ್ಲಿ ರಟ್ಟಿನ ಕೊಳವೆಯೊಂದನ್ನು ಪೆಟ್ಟಿಗೆಯ ಬದಿಗೆ ಒತ್ತಿ ಇಟ್ಟೆ, ಓಡಿ ಆಡಲಿ ಎಂದು. ಇಷ್ಟು ವರ್ಷ ಒಳಗೆ ಬಾರದಂತೆ ಸಂದಿ ಮುಚ್ಚಿದವನು ಈಗ ಹೊರಗೆ ಬೀಳದಂತೆ ಮುಚ್ಚುತ್ತಿದ್ದೇನೆ. ಕೆಲಸದ ಚೀಲದಿಂದ ಒಂದು ಮೊಳೆಯನ್ನೂ ತೆಗೆದುಕೊಳ್ಳಲಿಲ್ಲ. ಇಕ್ಕಳ, ಕತ್ತರಿ, ಎಲ್ಲ ಪಕ್ಕದ ಮನೆಯಿಂದ ಎರವಲು. ನಮ್ಮ ಚೀಲದಲ್ಲಿ ವಿಷದ ಪುಡಿ ಎಲ್ಲೆಲ್ಲಿ ಉದುರಿರುತ್ತದೋ ಯಾರು ಕಂಡರು.

ಸಂತೋಷವಾಯಿತು. ಬರೆದಿಡುತ್ತೇನೆ. ಬಹಳ ದಿನದ ಮೇಲೆ ಕೈ ಒಂದು ಒಳ್ಳೆಯ ಕೆಲಸ ಮಾಡಿತು ಎನ್ನಿಸಿತು.

ಮಾರ್ಚ್ 6, ಗುರುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಇನ್ನೂ ಕೊರೆಯುತ್ತದೆ.

ಶಾಲೆಯಿಂದ ಬಂದು ಕಡ್ಡಿ ಬಾಗಿಲ ಹತ್ತಿರವೇ ಸುಳಿದಾಡುತ್ತಿದ್ದಳು. ಏನೋ ಇದೆ ಎಂದುಕೊಂಡೆ.

"ಅಪ್ಪ, ಆಂಟಿ ಮನೆ ನೋಡೋಕೆ ಬಂದಾಗ ನಿನ್ ಕೆಲಸ ಏನು ಅಂತ ಕೇಳಿದ್ರೆ… ಹೈಜೀನ್ ಕಂಪನಿ ಅಂತ ಹೇಳಿದೀನಿ ನಾನು."

"ಸುಳ್ಳೇನಲ್ಲವಲ್ಲ."

"ಸುಳ್ಳಲ್ಲ. ಇಲಿ ಅಂತ ಮಾತ್ರ ಬೇಡ. ಇಲಿ ಸಾಯಿಸೋರ ಮನೆಗೆ ಯಾರು ಕೊಡ್ತಾರೆ ಹೇಳು."

ನ್ಯಾಯವಾದ ಪ್ರಶ್ನೆ. ನಾನಾಗಿದ್ದರೂ ಕೊಡುತ್ತಿರಲಿಲ್ಲ.

"ಆಯ್ತು ಬಿಡು" ಎಂದೆ. ತುಂಬ ಬೇಗ ಎಂದೆ. ಅವಳು ನಾಲ್ಕು ಮಾತು ಒತ್ತಾಯ ಮಾಡಲು ತಯಾರಾಗಿ ಬಂದಿದ್ದಳು, ನಾನು ಅದಕ್ಕೂ ಬಿಡಲಿಲ್ಲ. ಹೋಗುತ್ತಾ ಒಮ್ಮೆ ತಿರುಗಿ ನೋಡಿದಳು. ನಾನು ಜಾಲರಿಯ ತಂತಿ ಬಗ್ಗಿಸುವುದರಲ್ಲಿ ಮುಳುಗಿದವನ ಹಾಗೆ ತಲೆ ತಗ್ಗಿಸಿಕೊಂಡೆ.

ಮಾರ್ಚ್ 8, ಶನಿವಾರ

ಎರಡು ವಿಷಯ.

ಒಂದು, ಅಂಗಿ. ಕೆಲಸದ ಅಂಗಿಗಳನ್ನು ಇವಳು ಒಗೆದು ಬಾಲ್ಕನಿಯ ಹಗ್ಗಕ್ಕೆ ಹಾಕುತ್ತಾಳೆ. ಅಂಗಿಯ ಬೆನ್ನಿಗೆ, ಕಾಲು ಮೇಲೆ ಮಾಡಿ ಸತ್ತುಬಿದ್ದ ಇಲಿಯ ಚಿತ್ರ, ಅದರ ಮೇಲೆ ಅಡ್ಡಕ್ಕೆ ಕೆಂಪು ಗೆರೆ. ಯಾವ ಪುಣ್ಯಾತ್ಮ ಬರೆದನೋ, ಇಲಿಯ ಮುಖದಲ್ಲಿ ನಗು ಬೇರೆ. ಇವತ್ತು ನೋಡಿದರೆ ಹಗ್ಗ ಖಾಲಿ. ಅಂಗಿ ಬಚ್ಚಲಿನಲ್ಲಿ ನೇತಾಡುತ್ತಿದೆ. "ಬಿಸಿಲಿಗೆ ಬಣ್ಣ ಹೋಗುತ್ತೆ ಅಪ್ಪ" ಎಂದಳು ಕಡ್ಡಿ. ಬಣ್ಣ ಹೋಗಿ ವರ್ಷವಾಯಿತು. ನಾನೂ ಕಡಿಮೆಯಿಲ್ಲ, ಎರಡು ದಿನದಿಂದ ಕಂಪನಿ ವ್ಯಾನನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದೇನೆ.

ಎರಡು, ಸಾಕುಪ್ರಾಣಿಗಳ ಅಂಗಡಿ. ಅಪ್ಪ ಮಗಳು ಹೋಗಿದ್ದೆವು. ಓಡುವ ಚಕ್ರ ಬೇಕಿತ್ತು. ಕಂಬಿಯದ್ದು ಬೇಡ, ಕಾಲು ಸಿಕ್ಕಿಕೊಳ್ಳುತ್ತದೆ, ಪೂರ್ತಿ ಮುಚ್ಚಿದ್ದು ಕೊಡಿ ಎಂದೆ. ಮರದ ಹೊಟ್ಟು ಮೂಸಿ ನೋಡಿ ಘಾಟಿನದ್ದು ಬೇಡ ಎಂದೆ. ಅಂಗಡಿಯವನಿಗೆ ಗೌರವ ಹುಟ್ಟಿತು.

"ಸಾರ್ ಏನ್ ಮಾಡ್ಕೊಂಡಿದೀರಾ?"

"ಮೇಷ್ಟ್ರು" ಎಂದೆ. ಎಲ್ಲಿಂದ ಬಂತೋ ಆ ಮಾತು.

"ಅದೇ ಅಂದ್ಕೊಂಡೆ. ಯಾವ ಸಬ್ಜೆಕ್ಟು?"

"ಗಣಿತ."

"ತಿಳಿದೋರು ನೀವು, ಒಂದು ಮಾತು ಹೇಳಿ ಸಾರ್. ಈ ಕಾಳಿನ ಮೂಟೆಗೆ ಇಲಿ ಕಾಟ. ಎಲ್ಲಿಂದ ಬರ್ತಾವೋ ದೇವರಿಗೇ ಗೊತ್ತು."

ದೇವರಿಗೂ ಗೊತ್ತು, ನನಗೂ ಗೊತ್ತು. ಶಟರಿನ ಎಡಮೂಲೆ. ಒಳಗೆ ಕಾಲಿಟ್ಟ ಕೂಡಲೇ ಕಂಡಿತ್ತು, ಗೋಡೆಯ ಬುಡದಲ್ಲಿ ಮೈ ಉಜ್ಜಿ ಉಜ್ಜಿ ಆದ ಜಿಡ್ಡಿನ ಗೆರೆ. ಆದರೆ ಗಣಿತದ ಮೇಷ್ಟ್ರಿಗೆ ಅದು ಕಾಣಬಾರದು. ಏನಾದರೂ ಹೇಳಬೇಕಲ್ಲ.

"ಒಂದು ಬೆಕ್ಕು ಸಾಕಿ" ಎಂದೆ.

ಗಿಳಿ, ಮೀನು, ಮೊಲ ಮಾರುವ ಅಂಗಡಿಗೆ ಬೆಕ್ಕು ಸಾಕಿ ಎಂದ ಮಹಾನುಭಾವ ನಾನೊಬ್ಬನೇ ಇರಬೇಕು. ಅಂಗಡಿಯವನ ಮುಖದಲ್ಲಿದ್ದ ಗೌರವ ಅಷ್ಟಕ್ಕೇ ಇಳಿಯಿತು. ದಾರಿಯುದ್ದಕ್ಕೂ ಕಡ್ಡಿ ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಮನೆ ಹತ್ತಿರ ಬರುವಾಗ ಅವಳು "ಮೇಷ್ಟ್ರು ಚೆನ್ನಾಗಿದೆ ಅಪ್ಪ, ಆಂಟಿಗೂ ಅದನ್ನೇ ಹೇಳ್ಬೇಕಿತ್ತು" ಎಂದಳು. ಆಮೇಲೆ ನನಗೆ ನಗು ಬರಲಿಲ್ಲ.

ಸಂಜೆ ಅವಳು ಎರಡು ಬಟ್ಟೆ ಚೂರು ಕತ್ತರಿಸಿ ಪೆಟ್ಟಿಗೆಯೊಳಗೆ ಇಟ್ಟಳು. ತನ್ನ ಹಳೆಯ ಫ್ರಾಕಿನದು ಒಂದು, ಅಮ್ಮನ ದುಪಟ್ಟಾದ್ದು ಒಂದು. ಮನೆಯವರ ವಾಸನೆ ಮರಿಗೆ ಮೊದಲೇ ಪರಿಚಯವಾಗಲಿ ಎಂದು. ನನ್ನದು ಕೇಳಲಿಲ್ಲ. ಕೇಳಬಾರದು, ಸರಿ. ನನ್ನ ವಾಸನೆ ಅದಕ್ಕೆ ಯಾಕೆ ಬೇಕು. ಹಾಗೆಂದು ಸಮಾಧಾನ ಮಾಡಿಕೊಂಡು ಮತ್ತೊಮ್ಮೆ ಕೈ ತೊಳೆದೆ.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಆಫೀಸಿನಲ್ಲಿ ಓನರ್ ಇವತ್ತಿನ ವಿಳಾಸಗಳನ್ನು ಓದಿದರು. ಎರಡನೆಯದು ಡಾಕ್ಟರ ಮನೆ. ಅದೇ ಹಲ್ಲಿನ ಡಾಕ್ಟರು. ಅಡುಗೆಮನೆಯಲ್ಲಿ ಇಲಿ ಓಡಾಡುತ್ತಿದೆಯಂತೆ. ಕಡ್ಡಿಯನ್ನು ಎಷ್ಟೋ ಸಲ ಆ ಕಟ್ಟಡದ ಗೇಟಿನವರೆಗೆ ಬಿಟ್ಟು ಬಂದಿದ್ದೇನೆ, ತಪ್ಪುವ ವಿಳಾಸವಲ್ಲ.

"ಆ ಕಡೆ ನೀನು ಹೋಗು" ಎಂದರು ಓನರ್ ನನಗೆ.

"ಹೊಟ್ಟೆ ಸರಿಯಿಲ್ಲ ಸಾರ್. ಉದ್ದಣ್ಣ ಹೋಗ್ಲಿ, ನಾನು ಹತ್ತಿರದ್ದು ನೋಡ್ಕೋತೀನಿ."

ಉದ್ದಣ್ಣ ನನ್ನ ಜೊತೆ ಕೆಲಸ ಮಾಡುವವನು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಮನಸ್ಸು ಮಗುವಿನದು. ವ್ಯಾನ್ ಹತ್ತುವ ಮೊದಲು ನನಗೆ ಬಿಸಿನೀರು ತಂದುಕೊಟ್ಟ. "ಕುಡಿ ಗುರು, ಹೊಟ್ಟೆ ಹಗುರಾಗುತ್ತೆ."

ಆಗ ಹೇಳಬೇಕಿತ್ತು. ಆ ಮನೆಯಲ್ಲಿ ಹ್ಯಾಮ್‌ಸ್ಟರ್ ಮರಿಗಳಿವೆ ಕಣೋ, ನೋಡಿಕೊಂಡು ಇಡು. ಇಷ್ಟೇ ಮಾತು. ಹೇಳಿದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾನೆ. ಮಗಳ ಗೆಳತಿ ಎಂದರೆ, ಉದ್ದಣ್ಣನ ಬಾಯಿ ಸುಮ್ಮನಿರುವುದಿಲ್ಲ. ಅಲ್ಲಿ ಹೋಗಿ, ನಿಮ್ಮ ಮಗಳ ಜೊತೆ ಓದೋ ಹುಡುಗಿ ನಮ್ಮ ಗುರುವಿನ ಮಗಳು ಮೇಡಂ ಎಂದು ಅಕ್ಕರೆಯಿಂದ ಹೇಳಿಯೇ ಹೇಳುತ್ತಾನೆ.

ಬಿಸಿನೀರು ಕುಡಿದೆ. ಬಾಯಿಗೆ ಬೀಗ.

ಅದೇ ದಿನ, ಸಂಜೆ

ಉದ್ದಣ್ಣ ವಾಪಸು ಬಂದ. ಮನೆಯಲ್ಲಿ ಅಡುಗೆಯಾಕೆ ಒಬ್ಬಳೇ ಇದ್ದಳಂತೆ.

"ನಾಯಿ, ಬೆಕ್ಕು ಏನಾದ್ರೂ ಇದೆಯಾ ಅಂತ ಕೇಳಿದೆ. ಇಲ್ಲ ಅಂದ್ರು. ಮಕ್ಕಳ ಮನೆ ಅಂತ ವಿಷ ಹಾಕಲಿಲ್ಲ ಗುರು, ಗಮ್ ಪ್ಯಾಡ್ ಇಟ್ಟೆ. ಫ್ರಿಜ್ ಹಿಂದೆ ಒಂದು, ಸಿಂಕ್ ಕೆಳಗೆ ಒಂದು."

ನಾವು ಎಲ್ಲ ಮನೆಯಲ್ಲೂ ಕೇಳುವುದು ಇದೇ ಪ್ರಶ್ನೆ. ನಾಯಿ, ಬೆಕ್ಕು ಏನಾದರೂ ಇದೆಯಾ. ಇಲಿಯಂಥದ್ದನ್ನು ಸಾಕಿದ್ದೀರಾ ಎಂದು ಇಲಿ ಹಿಡಿಯಲು ಹೋದವರು ಯಾರೂ ಕೇಳುವುದಿಲ್ಲ. ಅಡುಗೆಯಾಕೆಯೂ ಸುಳ್ಳು ಹೇಳಲಿಲ್ಲ. ನಾಯಿಯಿಲ್ಲ, ಬೆಕ್ಕಿಲ್ಲ.

ವಿಷ ಹಾಕಿಲ್ಲವಲ್ಲ, ಇಲಿಯ ಕಾಲು ಕಚ್ಚಿಕೊಳ್ಳುವ ಅಂಟಿನ ಹಲಗೆ ಮಾತ್ರ, ಅಷ್ಟೇ ಸಾಕು. ಮರಿಗಳು ಪಂಜರದಲ್ಲಿರುತ್ತವೆ. ಏನೂ ಆಗುವುದಿಲ್ಲ.

ಮಾರ್ಚ್ 11, ಮಂಗಳವಾರ

ಏನೂ ಆಗುವುದಿಲ್ಲ. ಪಂಜರ ಮುಚ್ಚಿರುತ್ತದೆ. ಫೋನ್ ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ. ನೀರಿನ ಬಾಟಲಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ ಆಯಿತು, ಹನಿ ಸರಿಯಾಗಿ ಬೀಳುತ್ತಿದೆ.

ಮಾರ್ಚ್ 15, ಶನಿವಾರ

ಕೈ ಇನ್ನೂ ಎಣ್ಣೆ ಎಣ್ಣೆ. ತೊಳೆಯಬೇಕೆನಿಸುತ್ತಿಲ್ಲ.

ಬೆಳಿಗ್ಗೆ ಕಡ್ಡಿ ಗೆಳತಿಯ ಮನೆಗೆ ಹೋದಳು, ತನ್ನ ಮರಿಯನ್ನು ಆರಿಸಲು. ನಾನು ಡ್ಯೂಟಿಯಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಓನರ್ ಫೋನ್.

"ಎಲ್ಲಿದೀಯಾ? ಡಾಕ್ಟರ್ ಮನೆಗೆ ಓಡು. ಅವರು ಸಾಕಿದ್ದ ಎಂಥದೋ ಮರಿ ನಮ್ಮ ಪ್ಯಾಡ್‌ಗೆ ಅಂಟ್ಕೊಂಡಿದೆಯಂತೆ. ಮಕ್ಕಳು ಒಂದೇ ಸಮ ಅಳ್ತಿದಾವೆ. ಉದ್ದಣ್ಣ ಊರಾಚೆ ಇದಾನೆ."

ಈ ಸಲ ಹೊಟ್ಟೆಯ ನೆಪ ನಡೆಯುವುದಿಲ್ಲ. ಹೋಗದೆ ಇರುವ ಹಾಗಿರಲಿಲ್ಲ. ಅಂಗಿ ಬಿಚ್ಚಿಟ್ಟು ಬನಿಯನ್ನಿನಲ್ಲಿ ಹೋಗಲೇ ಎಂದು ಕೂಡ ಯೋಚಿಸಿದೆ, ಇದು ಬರೆಯಲು ನಾಚಿಕೆ. ಮರಿ ಅಲ್ಲಿ ಸಾಯುತ್ತಿದೆ, ಇವನಿಗೆ ಅಂಗಿಯ ಚಿಂತೆ.

ಡಾಕ್ಟರೇ ಬಾಗಿಲು ತೆರೆದರು. ಅಡುಗೆಮನೆಯ ನೆಲದಲ್ಲಿ ಇಬ್ಬರು ಹುಡುಗಿಯರು. ನಡುವೆ ಪ್ಯಾಡ್. ಬೂದು ಬಣ್ಣದ ಮರಿ, ಒಂದು ಮಗ್ಗುಲು ಪೂರ್ತಿ ಅಂಟಿಗೆ ಹತ್ತಿದೆ. ಆಡಲೆಂದು ಹೊರಗೆ ಬಿಟ್ಟಿದ್ದರಂತೆ, ಗೋಡೆ ಬದಿಯಲ್ಲೇ ಓಡಿ ಫ್ರಿಜ್ಜಿನ ಹಿಂದೆ ಹೋಗಿದೆ. ಬೇರೆಲ್ಲಿ ಹೋಗುತ್ತದೆ.

ಕಡ್ಡಿ ತಲೆಯೆತ್ತಿದಳು. ನನ್ನನ್ನು ನೋಡಿದಳು. ಅಳು ಅರ್ಧಕ್ಕೆ ನಿಂತಿತು. ಕಣ್ಣು ನನ್ನ ಮುಖದಿಂದ ಅಂಗಿಗೆ, ಅಂಗಿಯಿಂದ ಡಾಕ್ಟರ ಕಡೆಗೆ ಹೋಗಿ ಬಂತು.

ನಾನು ಕಾದೆ. ಅವಳು ಏನು ಹೇಳಿದರೂ ಸರಿ ಎಂದುಕೊಂಡು ಕಾದೆ.

"ಅಂಕಲ್" ಎಂದಳು. "ಬೇಗ ಬಿಡಿಸಿ ಅಂಕಲ್."

ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಬಿಡಲಿಲ್ಲ. ನಾನೂ ಏನು ಕಡಿಮೆಯವನೇ? "ಅಳ್ಬೇಡಮ್ಮ, ಬಿಡಿಸ್ತೀನಿ" ಎಂದೆ, ಯಾರದೋ ಮಗುವಿಗೆ ಹೇಳುವ ಹಾಗೆ.

ಅಡುಗೆ ಎಣ್ಣೆ ಕೇಳಿದೆ, ಸ್ವಲ್ಪ ಹಿಟ್ಟು ಕೇಳಿದೆ. ಸುತ್ತಲಿನ ಅಂಟಿಗೆ ಹಿಟ್ಟು ಉದುರಿಸಿದೆ, ಒದ್ದಾಡಿದರೂ ಮತ್ತೆ ಹತ್ತದಿರಲಿ ಎಂದು. ಮೂಗು, ಕಣ್ಣಿಗೆ ತಾಗದಂತೆ ಎಣ್ಣೆ ಬಿಟ್ಟು ಬೆರಳ ತುದಿಯಿಂದ ಕೂದಲು ಕೂದಲಾಗಿ ಬಿಡಿಸುತ್ತಾ ಹೋದೆ. ಮೊದಲು ಮುಂಗಾಲು, ಆಮೇಲೆ ಹೊಟ್ಟೆ. ಅದರ ಎದೆ ನನ್ನ ಬೆರಳಿಗೆ ತಾಗುತ್ತಿತ್ತು, ಹೊಲಿಗೆ ಯಂತ್ರದ ಸೂಜಿಯ ಹಾಗೆ ಬಡಿಯುತ್ತಿತ್ತು. ಕಚ್ಚಿತು. ಕಚ್ಚಲಿ ಎಂದು ಬಿಟ್ಟೆ. ನಾವು ಸಾಮಾನ್ಯವಾಗಿ ಬಿಡಿಸುವುದಿಲ್ಲ. ಪ್ಯಾಡ್ ಮಡಚಿ ಚೀಲಕ್ಕೆ ಹಾಕುತ್ತೇವೆ. ಇಷ್ಟು ವರ್ಷದಲ್ಲಿ ಒಂದನ್ನು ಬಿಡಿಸಿದ್ದು ಇದೇ ಮೊದಲು.

ಬಿಡಿಸುವಾಗ ಡಾಕ್ಟರು ನೆತ್ತಿಯ ಮೇಲೆ ನಿಂತು ಕೇಳಿದರು.

"ಇಡೋ ಮುಂಚೆ ಮನೇಲಿ ಏನೇನು ಸಾಕಿದೀವಿ ಅಂತ ಕೇಳಲ್ವಾ ನೀವು?"

"ನಾಯಿ, ಬೆಕ್ಕು ಅಂತ ಕೇಳ್ತೀವಿ ಮೇಡಂ. ಅವತ್ತು ಬಂದೋನು ಬೇರೆಯವನು."

ಬೇರೆಯವನು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬಿಸಿನೀರು ತಂದುಕೊಟ್ಟವನನ್ನು ಹಿಡಿದು ಕೊಟ್ಟೆ.

ಮರಿ ಬದುಕಿದೆ. ಎಡಮಗ್ಗುಲಿನ ಕೂದಲು ಕಿತ್ತು ಬಂದು ಗುಲಾಬಿ ಚರ್ಮ ಕಾಣುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಗೆಳತಿಯ ಕೈಗೆ ಕೊಟ್ಟೆ. ಪ್ರಾಣಿಗಳ ಡಾಕ್ಟರಿಗೆ ಒಮ್ಮೆ ತೋರಿಸಿ ಎಂದೆ. ಇನ್ನೊಂದು ಪ್ಯಾಡನ್ನೂ ತೆಗೆದುಕೊಂಡೆ. ಹೊರಡುವಾಗ ಗೆಳತಿ "ಥ್ಯಾಂಕ್ಯೂ ಅಂಕಲ್" ಎಂದಳು. ಕಡ್ಡಿಯೂ ಎಂದಳು, ಬಹಳ ಸಣ್ಣ ದನಿಯಲ್ಲಿ. ಅವಳ ಮರಿ ಅದೇ ಅಂತೆ. ಬೆಳಿಗ್ಗೆ ತಾನೇ ಆರಿಸಿದ್ದಳಂತೆ.

ಮಾರ್ಚ್ 16, ಭಾನುವಾರ

ನಿನ್ನೆ ಮನೆಗೆ ಬಂದವಳು ಊಟ ಮಾಡದೆ ಮಲಗಿದಳು. ಇವಳು ಇಬ್ಬರ ಮುಖವನ್ನೂ ನೋಡಿ "ಏನಾಯ್ತು ಅಪ್ಪಂಗೂ ಮಗಳಿಗೂ" ಎಂದಳು.

ಇವತ್ತು ಬೆಳಿಗ್ಗೆ ಕಡ್ಡಿ ಪೆಟ್ಟಿಗೆಯ ಮುಂದೆ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಅವಳು "ಸಾರಿ ಅಪ್ಪ" ಎಂದಳು. ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ತಪ್ಪು ಅವಳದ್ದು ಎಂದೇ ಇಟ್ಟು, ದೊಡ್ಡ ಮನುಷ್ಯನ ಹಾಗೆ ತಲೆ ಸವರಿ ಎದ್ದು ಬರಬಹುದಿತ್ತು. ಒಂದು ಗಳಿಗೆ ಮನಸ್ಸಾಯಿತು ಕೂಡ.

"ಉದ್ದಣ್ಣ ಡಾಕ್ಟರ್ ಮನೆಗೆ ಹೋಗ್ತಾನೆ ಅಂತ ನಂಗೆ ಮೊದಲೇ ಗೊತ್ತಿತ್ತು" ಎಂದೆ. "ಅಲ್ಲಿ ಮರಿ ಇದಾವೆ ಅಂತ ನಾನು ಹೇಳಿದ್ರೆ ಅವನು ಅಂಟು ಇಡ್ತಾನೇ ಇರ್ಲಿಲ್ಲ. ಹೇಳಲಿಲ್ಲ."

ಅವಳು ತಿರುಗಿ ನೋಡಿದಳು.

"ಯಾಕೆ?"

"ನಾನು ಯಾರು ಅಂತ ಅವರಿಗೆ ಗೊತ್ತಾಗ್ಬಾರ್ದು ಅಂತ."

"ನಾನು ಹೇಳ್ಬೇಡ ಅಂದಿದ್ದಕ್ಕಾ?"

"ಅಲ್ಲ. ನಂಗೇ ಹೇಳ್ಕೊಳ್ಳೋಕೆ ನಾಚಿಕೆ. ನಿಂಗಿಂತ ಮುಂಚಿಂದ."

ಹೈಜೀನ್ ಕಂಪನಿ ಎಂಬ ಮಾತು ಅವಳದ್ದಲ್ಲ. ಶಾಲೆಗೆ ಸೇರಿಸಿದ ದಿನ ಹೆಡ್‌ಮಿಸ್ ಮುಂದೆ ನಾನೇ ಹೇಳಿದ್ದು. ಪಕ್ಕದಲ್ಲಿ ನನ್ನ ಬೆರಳು ಹಿಡಿದು ನಿಂತು ಕೇಳಿಸಿಕೊಂಡಿದ್ದಳು. ಅವಳು ಕಲಿತದ್ದು ನನ್ನಿಂದಲೇ.

ಇದನ್ನೂ ಹೇಳಿದೆ. ಅವಳು ಎದ್ದಳು. "ಸತ್ತು ಹೋಗಿದ್ರೆ?" ಎಂದಳು. ಉತ್ತರಕ್ಕೆ ಕಾಯದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 17, ಸೋಮವಾರ

ಓನರ್ ಉದ್ದಣ್ಣನನ್ನು ಎಲ್ಲರ ಮುಂದೆ ನಿಲ್ಲಿಸಿಕೊಂಡು ಜಾಡಿಸಿದರು. ಅವನು ತಲೆ ಕೆರೆದುಕೊಳ್ಳುತ್ತಾ "ಕೇಳಿದ್ದೆ ಸಾರ್, ಇಲ್ಲ ಅಂದ್ರು ಸಾರ್" ಎನ್ನುತ್ತಿದ್ದ. ತಡೆಯಲಾಗಲಿಲ್ಲ. ತಪ್ಪು ನನ್ನದು ಎಂದೆ. ಪೂರ್ತಿ ಹೇಳಿದೆ. ಹೊಟ್ಟೆನೋವಿನ ಕಥೆಯನ್ನೂ.

ಓನರ್ ನನ್ನ ಮುಖ ನೋಡಿದರು. ಬೈಯಲಿಲ್ಲ. "ಇನ್ನು ಮೇಲೆ ಏನೇನು ಸಾಕಿದೀರಾ ಅಂತ ಬಿಡಿಸಿ ಕೇಳಿ" ಎಂದು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ವ್ಯಾನಿನಲ್ಲಿ ಉದ್ದಣ್ಣ ಪಕ್ಕದಲ್ಲೇ ಕೂತ.

"ನನ್ ತಲೆಗೆ ಕಟ್ಬಿಟ್ಯಲ್ಲ ಗುರು" ಎಂದ. ಸಿಗ್ನಲ್ ದಾಟಿದ ಮೇಲೆ, "ನನ್ ಮಗ ಅವನ ಸ್ಕೂಲಲ್ಲಿ ಏನ್ ಹೇಳ್ಕೊಂಡಿದಾನೆ ಗೊತ್ತಾ? ನಮ್ಮಪ್ಪ ಹೆಬ್ಬಾವು ಹಿಡೀತಾನೆ ಅಂತ. ನಾನು ಹಲ್ಲಿ ಕಂಡ್ರೂ ಹಾರ್ತೀನಿ. ಬೇಡ ಅನ್ನೋಕೆ ಬಾಯೇ ಬರಲಿಲ್ಲ."

ನಕ್ಕ. ನನಗೆ ಕಣ್ಣು ತುಂಬಿ ಬಂತು. ಹೊರಗೆ ನೋಡುವವನ ಹಾಗೆ ಕಿಟಕಿಗೆ ಮುಖ ಮಾಡಿದೆ.

ಮಾರ್ಚ್ 21, ಶುಕ್ರವಾರ

ಕಡ್ಡಿ ಮಾತಾಡುತ್ತಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಪೆಟ್ಟಿಗೆ ಹಾಗೇ ಇದೆ. ಚಕ್ರ, ಮಣ್ಣಿನ ಕುಡಿಕೆ, ಕೊಳವೆ, ಎಲ್ಲ ಇದ್ದಲ್ಲೇ. ಒಳಗಿರಬೇಕಾದದ್ದು ಮಾತ್ರ ಇಲ್ಲ. ಹೊದಿಕೆಗಳು ಇನ್ನೂ ಮಂಚದ ಮೇಲಿವೆ. ಇವಳಿಗೆ ಎಲ್ಲ ಹೇಳಿದೆ. ಕೇಳಿ ಮುಗಿಸಿ, "ಮನೇಲಿ ಬೋನು ಇಟ್ಟೋರೂ ನೀವೇ, ಒಳಗೆ ಬಿದ್ದೋರೂ ನೀವೇ" ಎಂದಳು. ಅಷ್ಟೆ.

ವ್ಯಾನನ್ನು ಇವತ್ತು ಮನೆ ಮುಂದೆಯೇ ನಿಲ್ಲಿಸಿದೆ. ಯಾರೂ ನೋಡಲಿಲ್ಲ. ಇಷ್ಟು ದಿನವೂ ಯಾರೂ ನೋಡುತ್ತಿರಲಿಲ್ಲವೇನೋ.

ಮಾರ್ಚ್ 22, ಶನಿವಾರ

ಸಂಜೆ ತಾನಾಗಿಯೇ ಬಂದು ಬಾಗಿಲಿಗೆ ಒರಗಿ ನಿಂತಳು.

"ನಾಳೆ ಆಂಟಿ ಮನೆ ನೋಡೋಕೆ ಬರ್ತಾರೆ. ಇಷ್ಟ ಆದ್ರೆ ಮರಿ ಬಿಟ್ಟು ಹೋಗ್ತಾರಂತೆ."

"ಯಾವ ಮರಿ?"

"ಅದೇ. ಚೆನ್ನಾಗಿರೋದು ತಗೋ ಅಂದ್ರು ಆಂಟಿ. ಅದೇ ಬೇಕು ಅಂದೆ. ಒಂದು ಕಡೆ ಇನ್ನೂ ಕೂದಲು ಬಂದಿಲ್ಲ."

ಆಂಟಿ ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಗುರುತು ಹಿಡಿಯುತ್ತಾರೆ. ಅಂಕಲ್ ಎಂದವಳು ಸುಳ್ಳಿಯಾಗುತ್ತಾಳೆ. ಮರಿಯನ್ನು ಎತ್ತಿಕೊಂಡು ಬಂದ ಹಾಗೇ ಹೊರಟುಬಿಟ್ಟರೆ? ಕಡ್ಡಿಗೆ ಅದು ಬೇಕು. ಇಷ್ಟು ದಿನ ಖಾಲಿ ಪೆಟ್ಟಿಗೆಯ ನೀರನ್ನು ದಿನವೂ ಬದಲಿಸುತ್ತಿದ್ದಾಳೆ, ನಾನು ನೋಡಿದ್ದೇನೆ.

"ನಾಳೆ ನಾನು ಇರಲ್ಲ" ಎಂದೆ. "ಕಟಿಂಗ್ ಶಾಪಿಗೆ ಹೋಗ್ಬೇಕು."

ನನ್ನ ತಲೆಯನ್ನು ಒಮ್ಮೆ ನೋಡಿದಳು.

"ಹೋದ ವಾರ ತಾನೇ ಹೋಗಿದ್ದೆ" ಎಂದಳು. ಹೋದಳು.

ಮಾರ್ಚ್ 23, ಭಾನುವಾರ

ಹೊರಡಬೇಕೆಂದು ಚಪ್ಪಲಿ ಹಾಕಿದ್ದೆ.

ಬಾಲ್ಕನಿಯ ಹಗ್ಗದ ಮೇಲೆ ನನ್ನ ಕೆಲಸದ ಅಂಗಿ. ಬೆನ್ನು ಬೀದಿಯ ಕಡೆಗೆ. ಸತ್ತ ಇಲಿ ಊರಿಗೆಲ್ಲ ಕಾಣುವ ಹಾಗೆ ನಗುತ್ತಿದೆ. ಕ್ಲಿಪ್ಪು ಹಾಕಿರುವ ರೀತಿ ನೋಡಿದರೆ ಇವಳ ಕೆಲಸವಲ್ಲ. ಇವಳು ತುದಿಗೆ ಹಾಕುತ್ತಾಳೆ, ಇದು ಭುಜಕ್ಕೆ ಹಾಕಿದ್ದು, ಎಟುಕದವರು ಕುರ್ಚಿ ಹತ್ತಿ ಹಾಕಿದ ಹಾಗೆ.

ಒಳಗೆ ಬಂದು ಪೆಟ್ಟಿಗೆ ನೋಡಿದೆ. ಹೊಟ್ಟಿನ ಮೇಲೆ ಬಟ್ಟೆ ಚೂರು ಮೂರಾಗಿವೆ. ಫ್ರಾಕಿನದು, ದುಪಟ್ಟಾದ್ದು, ಒಂದು ಬಿಳಿಯದು. ನನ್ನ ಬನಿಯನ್. ಹಳೆಯದು ಅಷ್ಟೊಂದಿರುವಾಗ ಹೊಸದನ್ನೇ ಕತ್ತರಿಸಿದ್ದಾಳೆ, ಕತ್ತೆ.

"ಆ ಚಪ್ಪಲಿ ಬಿಚ್ಚಿ" ಎಂದಳು ಇವಳು ಅಡುಗೆಮನೆಯಿಂದ. "ಬೀಗರು ಬರೋ ಹೊತ್ತಿಗೆ ಮನೆ ಯಜಮಾನ್ರು ತಲೆ ತಪ್ಪಿಸ್ಕೊಂಡ್ರು ಅನ್ನೋ ಹಾಗಾಗೋದು ಬೇಡ."

ಬಿಚ್ಚಿದೆ. ಒಳಕೋಣೆಗೆ ಬಂದು ಕೂತೆ. ಕೈ ಸುಮ್ಮನಿರದೆ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರಿಗೂ ಹೇಳಬೇಕು, ಅವತ್ತು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು ನಾನು ಎಂದು. ಹೇಗೆ ಶುರು ಮಾಡುವುದೋ. ಹೇಳಿದ ಮೇಲೆ ಕೊಡುತ್ತಾರೋ ಇಲ್ಲವೋ.

ಬೆಲ್.

ಬಾಗಿಲು ಕಡ್ಡಿಯೇ ತೆರೆದಳು. ಡಾಕ್ಟರ ದನಿ. ಚಪ್ಪಲಿ ಬಿಡುವ ಸದ್ದು. "ಆಚೆ ಹಗ್ಗದ ಮೇಲೆ ಆ ಅಂಗಿ…" ಎಂದರು ಡಾಕ್ಟರು. ಮುಂದಿನದು ಕೇಳಿಸಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು.

ಆಮೇಲೆ ಕಡ್ಡಿ. ಮನೆಗೆಲ್ಲ ಕೇಳುವ ಹಾಗೆ…

"ಅಪ್ಪಾ, ಬಾ ಇಲ್ಲಿ."